‘ಮಷಿನ್ ಮ್ಯಾಲ ಹಾಕ್ಯಾರ’: ಕಾಳಗಿಯಿಂದ ಕಲಬುರಗಿ ಐಸಿಯುವರೆಗೆ

ಕಾಳಗಿಗೆ ಹೊಸದಾಗಿ ಬಂದವರನ್ನು ಊರವರು ಮೊದಲು ಕರೆದೊಯ್ಯುವುದು ನೀಲಕಂಠ ಕಾಳೇಶ್ವರನ ಗುಡಿಗೆ. ಆಮೇಲೆ ರೌದ್ರಾವತಿ ಹೊಳೆ, ಪುರುಸೊತ್ತಿದ್ದರೆ ರಟಕಲ್ ಕಡೆಯ ರೇವಣಸಿದ್ಧೇಶ್ವರನ ಗುಡ್ಡ. ಈ ಸಲ ನಾನು ನೋಡಲು ಬಂದದ್ದು ಗುಡಿಯನ್ನಲ್ಲ, ದವಾಖಾನೆಯ ದಾರಿಯನ್ನು. ಚಿತ್ತಾಪುರಕ್ಕೆ ಸೇರಿದ್ದ ಕಾಳಗಿ 2018ರಲ್ಲಿ ಶಹಾಬಾದ್, ಕಮಲಾಪುರ, ಯಡ್ರಾಮಿಗಳ ಜೊತೆಗೆ ತಾಲ್ಲೂಕಾಯಿತು. ಬೋರ್ಡುಗಳು ಬದಲಾದವು. ಉಸಿರು ಕಟ್ಟಿದವರನ್ನು ಹೊತ್ತು ಓಡುವ ದಾರಿ ಮಾತ್ರ ಮೊದಲಿನದ್ದೇ, ಕಲಬುರಗಿಗೆ. ಅಲ್ಲೂ ಆಗದಿದ್ದರೆ ಸೊಲ್ಲಾಪುರ ಇಲ್ಲವೇ ಹೈದರಾಬಾದ್.

ಈ ಭಾಗದಲ್ಲಿ ಮನೆಯವರು ಫೋನಿನಲ್ಲಿ ನೆಂಟರಿಗೆ ಹೇಳುವ ಮಾತೊಂದಿದೆ: ‘ಮಷಿನ್ ಮ್ಯಾಲ ಹಾಕ್ಯಾರ.’ ಅಷ್ಟು ಕೇಳಿದರೆ ಆ ಕಡೆಯವರು ಬಸ್ಸು ಹತ್ತುತ್ತಾರೆ. ವೆಂಟಿಲೇಟರ್ ಎಂದರೆ ಒಂದೋ ಕೊನೆಯ ಹಂತ, ಇಲ್ಲವೇ ಪವಾಡ ಎಂಬ ಎರಡೇ ನಂಬಿಕೆ ಊರೂರಲ್ಲಿವೆ. ಎರಡೂ ಪೂರ್ತಿ ಸರಿಯಲ್ಲ. ಅದು ಕಾಯಿಲೆಯನ್ನು ವಾಸಿ ಮಾಡುವುದಿಲ್ಲ; ವಾಸಿಯಾಗುವವರೆಗೆ ಉಸಿರಾಟದ ಕೆಲಸವನ್ನು ತಾನು ಹೊತ್ತುಕೊಳ್ಳುತ್ತದೆ. ಹೊತ್ತುಕೊಂಡಷ್ಟೂ ದಿನ ಗಾಯವನ್ನೂ ಮಾಡಬಲ್ಲದು. ಆ ಗಾಯ ತಪ್ಪಿಸಲು ಬೇಕಾದ ಸಾಮಾನು ಬಹುಪಾಲು ಅಗ್ಗ, ಆಳು ದುಬಾರಿ. ಕಾಳಗಿಯಿಂದ ಐಸಿಯು ತನಕ ರೋಗಿಯ ದಾರಿ ಹಿಡಿದು ಹೋದರೆ ಇದು ಹೆಜ್ಜೆ ಹೆಜ್ಜೆಗೂ ಕಾಣುತ್ತದೆ.

ಇಲ್ಲಿ ಮಷಿನ್ ಬೇಕಾಗುವವರು ಯಾರು? ಸುತ್ತ ತೊಗರಿ ಹೊಲ. ಮಳೆಗಾಲದಲ್ಲಿ ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಟ್ಟುಹಾವು ಕಡಿಯುತ್ತದೆ. ನೋವಿಲ್ಲ, ಬಾವಿಲ್ಲ, ಹಲ್ಲಿನ ಗುರುತೂ ಕಾಣದು. ಬೆಳಗಿನ ಜಾವ ಹೊಟ್ಟೆನೋವು, ಆಮೇಲೆ ರೆಪ್ಪೆ ಜೋಲುತ್ತದೆ, ನುಂಗಲು ಬರುವುದಿಲ್ಲ, ಕೊನೆಗೆ ಉಸಿರಿನ ಸ್ನಾಯುಗಳು ನಿಲ್ಲುತ್ತವೆ. ತೊಗರಿಗೆ ಹೂ ಬಂದು ಕಾಯಿಕೊರಕ ಬಿದ್ದಾಗ ಹೊಡೆಯುವ ಎಣ್ಣೆಗಳಲ್ಲಿ ಆರ್ಗನೋಫಾಸ್ಫರಸ್ ಗುಂಪಿನವು ಮೈಗೆ ಹತ್ತಿದರೂ, ಹೊಟ್ಟೆಗೆ ಹೋದರೂ ಕಡೆಗೆ ಅದೇ ಸ್ಥಿತಿ. ಈ ವಿಷದ ಒಂದು ಕುಯುಕ್ತಿ ಎಲ್ಲರಿಗೂ ತಿಳಿದಿರಬೇಕು. ಮೊದಲ ದಿನ ಅಟ್ರೋಪಿನ್ ಕೊಟ್ಟು ಚೇತರಿಸಿಕೊಂಡ ರೋಗಿ ಒಂದರಿಂದ ನಾಲ್ಕು ದಿನದೊಳಗೆ ಕತ್ತು ಎತ್ತಲಾಗದೆ ಮತ್ತೆ ಉಸಿರು ಕಳೆದುಕೊಳ್ಳಬಹುದು. ‘ಆರಾಮಾಗ್ಯಾನ, ಮನೀಗಿ ಒಯ್ತೀವಿ’ ಎಂದು ಎರಡನೆಯ ದಿನ ಕರೆದೊಯ್ದವರು ಮೂರನೆಯ ದಿನ ಓಡೋಡಿ ಬರುವುದು ಇದರಿಂದ. ಇವರ ಜೊತೆಗೆ ಸೇಡಂ, ವಾಡಿ, ಶಹಾಬಾದಿನ ಸಿಮೆಂಟು, ಹಾಸುಗಲ್ಲಿನ ರಸ್ತೆಗಳಲ್ಲಿ ಲಾರಿಗೆ ಸಿಕ್ಕು ತಲೆಗೆ ಪೆಟ್ಟಾದವರು.

ಇವರ ದಾರಿಯಲ್ಲಿ ಮೊದಲು ಸಿಗುವ ಸಮುದಾಯ ಆರೋಗ್ಯ ಕೇಂದ್ರವೆಂದರೆ ಸರ್ಕಾರದ ಲೆಕ್ಕದಲ್ಲಿ 30 ಹಾಸಿಗೆಯ ಆಸ್ಪತ್ರೆ. ಐಸಿಯು ಅದರ ಹೊಣೆಯಲ್ಲ. ಆದರೆ ಹಾವು ಕಡಿದವರ ಹಣೆಬರಹ ತೀರ್ಮಾನವಾಗುವುದು ಬಹುಮಟ್ಟಿಗೆ ಇಂಥಲ್ಲೇ. ವಿಷಹರ ಚುಚ್ಚುಮದ್ದಿನ ಮೊದಲ 10 ವಯಲ್ ಇಲ್ಲಿ ಏರಿಸಿ ಕಳಿಸಿದರೆ ಒಂದು ಕತೆ, ‘ಮುಂದ ಹೋಗ್ರಿ’ ಎಂದರೆ ಇನ್ನೊಂದು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಒಳ್ಳೆಯ ಕೆಲಸ. ಲೆಕ್ಕ ಸಿಕ್ಕರೆ ಎಲ್ಲಿಗೆ ಎಷ್ಟು ವಯಲ್ ಬೇಕೆಂಬುದಾದರೂ ತಿಳಿಯುತ್ತದೆ.

ಇಂಥ ಕೇಂದ್ರದಲ್ಲಿ ನನ್ನ ಕಣ್ಣು ಹುಡುಕುವುದು ಅಂಬು ಬ್ಯಾಗನ್ನು. ಮೂತಿಗೆ ಮಾಸ್ಕು, ಹಿಂದೆ ಆಮ್ಲಜನಕದ ನಳಿಕೆ, ನಡುವೆ ಅಂಗೈಯಗಲದ ರಬ್ಬರ್ ಬುರುಡೆ. 1956ರಿಂದ ಜಗತ್ತಿನ ತುಂಬ ಇರುವ ಈ ಚೀಲಕ್ಕೆ ಕರೆಂಟು ಬೇಡ, ಎಂಜಿನಿಯರ್ ಬೇಡ. ಅದಕ್ಕಿಂತ ನಾಲ್ಕು ವರ್ಷ ಹಿಂದೆ, 1952ರಲ್ಲಿ, ಕೋಪನ್‌ಹೇಗನ್ನಿನಲ್ಲಿ ಪೋಲಿಯೊ ಎದ್ದಾಗ ಬ್ಯೋರ್ನ್ ಇಬ್ಸನ್ ಎಂಬ ಅರಿವಳಿಕೆ ವೈದ್ಯ ಗಂಟಲಲ್ಲಿ ತೂತು ಮಾಡಿ ನಳಿಕೆ ಇಟ್ಟು ಕೈಯಿಂದಲೇ ಗಾಳಿ ಒತ್ತುವ ದಾರಿ ತೋರಿಸಿದ್ದ. ಸುಮಾರು 1500 ವಿದ್ಯಾರ್ಥಿಗಳು ಪಾಳಿ ಹಚ್ಚಿ, ಹಗಲು ರಾತ್ರಿ, ವಾರಗಟ್ಟಲೆ ಚೀಲ ಒತ್ತಿದರು. ಇವತ್ತಿನ ಐಸಿಯುವಿನ ಮೂಲ ಅಲ್ಲಿದೆ. ಅಂದರೆ ಮೊದಲು ಬಂದದ್ದು ಪಕ್ಕದಲ್ಲಿ ಕೂತ ಮನುಷ್ಯ, ಯಂತ್ರ ಆಮೇಲೆ. ಸರ್ಕಾರಗಳು ಸಾಮಾನು ಖರೀದಿಸುವಾಗ ಈ ಕ್ರಮ ತಲೆಕೆಳಗಾಗಿಬಿಡುತ್ತದೆ.

ಕೋಡ್ಲಿ, ರಟಕಲ್ ಕಡೆಯವರು ಮಹಾಗಾಂವ್ ಕ್ರಾಸ್ ಹಿಡಿದು ಕಲಬುರಗಿಗೆ ಹೋಗುತ್ತಾರೆ. 108ರ ಗಾಡಿ ರಾಜ್ಯಕ್ಕೆ ಬಂದದ್ದು 2008ರ ನವೆಂಬರಿನಲ್ಲಿ. ಅದರಲ್ಲಿ ಎರಡು ಬಗೆ. ವೆಂಟಿಲೇಟರ್ ಇರುವುದು ಮೇಲ್ದರ್ಜೆಯ ಗಾಡಿಯಲ್ಲಿ. ಉಳಿದದ್ದರಲ್ಲಿ ಆಮ್ಲಜನಕ ಮತ್ತು ಅಂಬು ಬ್ಯಾಗು. ತಗ್ಗು ಬಿದ್ದ ರಸ್ತೆಯಲ್ಲಿ ಗಾಡಿ ಜಿಗಿದಾಗ ಗಂಟಲೊಳಗಿನ ನಳಿಕೆಯೂ ಜರುಗುತ್ತದೆ. ಹೆಂಗಸರಿಗೆ ಹಲ್ಲಿನ ಹತ್ತಿರ 21 ಸೆಂಟಿಮೀಟರ್, ಗಂಡಸರಿಗೆ 23ರ ಆಸುಪಾಸಿನ ಗುರುತು ಕಾಣಬೇಕು. ಇನ್ನೆರಡು ಮೂರು ಸೆಂಟಿಮೀಟರ್ ಒಳಗೆ ಜಾರಿದರೆ ನಳಿಕೆ ಬಲ ಪುಪ್ಪುಸದ ಕವಲಿಗೆ ಹೋಗಿ ಕೂರುತ್ತದೆ, ಏಕೆಂದರೆ ಆ ಕವಲು ನೆಟ್ಟಗಿದೆ. ಎಡಗಡೆಗೆ ಗಾಳಿ ಇಲ್ಲ. ಹೊರಗೆ ಜಾರಿದರೆ ಇನ್ನೂ ಕಷ್ಟ. ಗಾಳಿ ಹೊಟ್ಟೆಗೆ ಹೋಗುತ್ತದೆ.

ಚೀಲ ಒತ್ತುವವರ ಗಾಬರಿಯೂ ಒಂದು ಅಪಾಯ. ದೊಡ್ಡವರಿಗೆ ಐದಾರು ಸೆಕೆಂಡಿಗೊಮ್ಮೆ ಒತ್ತಿದರೆ ಸಾಕು. ಹೆದರಿದ ಕೈ ಎರಡು ಸೆಕೆಂಡಿಗೊಮ್ಮೆ ಒತ್ತುತ್ತದೆ. ಎದೆಯಲ್ಲಿ ಗಾಳಿ ತುಂಬಿ ನಿಂತು, ಹೃದಯಕ್ಕೆ ವಾಪಸು ಬರಬೇಕಾದ ರಕ್ತಕ್ಕೆ ಅಡ್ಡಿಯಾಗಿ ಬಿಪಿ ಕುಸಿಯುತ್ತದೆ. ಒಳ್ಳೆಯ ಸಿಬ್ಬಂದಿ ಬಾಯಲ್ಲಿ ಎಣಿಸುತ್ತಾ ಒತ್ತುವುದನ್ನು ನೋಡಿದ್ದೇನೆ. ಪಕ್ಕದಲ್ಲಿ ಕೂತ ತಮ್ಮನೋ ಮಾವನೋ ‘ಜಲ್ದಿ ಒತ್ರಿ’ ಎಂದು ಕೂಗುತ್ತಿದ್ದರೂ ಅವರ ಲೆಕ್ಕ ತಪ್ಪುವುದಿಲ್ಲ.

ಕಲಬುರಗಿಯಲ್ಲಿ ಈಗ ದೊಡ್ಡ ಆಸ್ಪತ್ರೆಗಳಿಗೆ ಬರವಿಲ್ಲ. ಜಿಲ್ಲಾಸ್ಪತ್ರೆಯ ಜಿಮ್ಸ್ ಇದೆ, ಇಎಸ್‌ಐಸಿ ಇದೆ, ಬಸವೇಶ್ವರ ಆಸ್ಪತ್ರೆ ಇದೆ, 2024ರ ಡಿಸೆಂಬರಿನಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆಯ ಹೊಸ ಕಟ್ಟಡವೂ ತೆರೆಯಿತು. ದೇಶದ ಮೊದಲ ಕೋವಿಡ್ ಸಾವು ಇದೇ ಊರಿನವರದ್ದು. 2020ರ ಮಾರ್ಚ್ 10ರಂದು ತೀರಿಕೊಂಡ 76 ವರ್ಷದ ಹಿರಿಯರು ಹೈದರಾಬಾದಿಗೂ ಹೋಗಿ ಬಂದಿದ್ದರು. ಆಮೇಲಿನ ಎರಡು ವರ್ಷದಲ್ಲಿ ವೆಂಟಿಲೇಟರ್ ಎಂಬ ಪದ ಕಾಳಗಿಯ ಚಹಾ ಅಂಗಡಿಗೂ ಬಂತು.

ನಾನು ಒಳಗೆ ಹೋದ ಐಸಿಯುವಿನ ಹೆಸರು ಬೇಡ. ಹೆಸರಿಗಿಂತ ಅಲ್ಲಿನ ಕ್ರಮ ಮುಖ್ಯ. ಬಾಗಿಲಲ್ಲಿ ಚಪ್ಪಲಿ ಬಿಡಿಸುತ್ತಾರೆ, ಅದರಿಂದ ದೊಡ್ಡ ಉಪಯೋಗವಿಲ್ಲ. ಒಳಗೆ ಕಾಲಿಟ್ಟ ಕೂಡಲೇ ಕೈ ತೊಳೆಸುತ್ತಾರೆ, ಅದರಿಂದ ಬಹಳ ಇದೆ. ನಮ್ಮ ಐಸಿಯುಗಳಲ್ಲಿ ಬೇರೂರಿರುವ ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾದಂಥ ರೋಗಾಣುಗಳು ಹಾಸಿಗೆಯಿಂದ ಹಾಸಿಗೆಗೆ ಹೋಗುವುದು ಚಪ್ಪಲಿಯಲ್ಲಿ ಅಲ್ಲ, ಕೈಯಲ್ಲಿ.

ಮೊದಲ ಹಾಸಿಗೆಯ ಪಕ್ಕ ಸಿಸ್ಟರ್ ಜೇಬಿನಿಂದ ದರ್ಜಿಯ ಟೇಪು ತೆಗೆದರು. ಮಲಗಿದ್ದವರ ನೆತ್ತಿಯಿಂದ ಹಿಮ್ಮಡಿವರೆಗೆ ಅಳೆದು ‘ನೂರಾ ಐವತ್ತು’ ಎಂದು ಚಾರ್ಟಿನಲ್ಲಿ ಬರೆದರು. ಇಡೀ ಐಸಿಯುವಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಈ ಹತ್ತು ರೂಪಾಯಿ ಟೇಪು. ಯಂತ್ರ ಒಂದು ಉಸಿರಿಗೆ ಎಷ್ಟು ಗಾಳಿ ತುಂಬಬೇಕೆಂಬುದನ್ನು ರೋಗಿಯ ತೂಕ ನೋಡಿ ತೀರ್ಮಾನಿಸುವಂತಿಲ್ಲ. ಮೈ ದಪ್ಪವಾದರೆ ಪುಪ್ಪುಸ ದಪ್ಪವಾಗುವುದಿಲ್ಲ. ಎತ್ತರದಿಂದ ಒಂದು ಅಂದಾಜು ತೂಕ ತೆಗೆದು, ಕಿಲೋಗೆ 6 ಮಿಲಿಲೀಟರ್ ಲೆಕ್ಕ ಹಾಕುತ್ತಾರೆ. 150 ಸೆಂಟಿಮೀಟರ್ ಎತ್ತರದ ಹೆಂಗಸಿಗೆ ಅದು ಸುಮಾರು 260 ಮಿಲಿಲೀಟರ್. ಕಣ್ಣಳತೆಯಲ್ಲಿ ‘ಐನೂರು ಇಡ್ರಿ’ ಎಂದರೆ ಹೆಚ್ಚುಕಡಿಮೆ ಎರಡು ಪಟ್ಟು.

ಎರಡು ಪಟ್ಟಾದರೆ ಏನಾಗುತ್ತದೆ? ನ್ಯುಮೋನಿಯಾ ಬಡಿದ ಪುಪ್ಪುಸದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ನೀರು ತುಂಬಿ ಮುಚ್ಚಿರುತ್ತದೆ, ತೆರೆದಿರುವುದು ಚಿಕ್ಕ ತುಂಡು. ನಾಲ್ಕು ಮಡಿಗೆ ಹರಿಯಬೇಕಾದ ನೀರು ಒಂದೇ ಮಡಿಗೆ ನುಗ್ಗಿದರೆ ಬದು ಒಡೆಯುವ ಹಾಗೆ, ಅಷ್ಟೂ ಗಾಳಿ ಆ ತುಂಡಿಗೇ ನುಗ್ಗಿ ಅದನ್ನು ಹರಿಯುತ್ತದೆ. ಕೆಲವೊಮ್ಮೆ ಪುಪ್ಪುಸ ತೂತಾಗಿ ಗಾಳಿ ಎದೆಗೂಡಿನಲ್ಲಿ ಸಿಕ್ಕಿಕೊಳ್ಳುತ್ತದೆ; ಆಗ ಪಕ್ಕೆಯಲ್ಲಿ ನಳಿಕೆ ಇಳಿಸಿ ಹೊರಬಿಡಬೇಕು. 2000ದಲ್ಲಿ ಅಮೆರಿಕದಲ್ಲಿ 861 ರೋಗಿಗಳ ಮೇಲೆ ನಡೆದ ಅಧ್ಯಯನ ಈ ವಾದ ಮುಗಿಸಿತು. ಕಿಲೋಗೆ 12 ಮಿಲಿಲೀಟರ್ ಪಡೆದವರಲ್ಲಿ ನೂರಕ್ಕೆ ಸುಮಾರು 40 ಮಂದಿ ಸತ್ತರೆ, 6 ಮಿಲಿಲೀಟರ್ ಪಡೆದವರಲ್ಲಿ 31. ಹೊಸ ಔಷಧಿ ಇಲ್ಲ, ಹೊಸ ಯಂತ್ರ ಇಲ್ಲ, ಗುಂಡಿ ತಿರುಗಿಸಿದ್ದಷ್ಟೆ. ಅಷ್ಟಾದರೂ ಟೇಪು ಹಿಡಿಯದೆ ‘ಐನೂರು’ ಎನ್ನುವ ಚಾಳಿ ಇವತ್ತಿಗೂ ಸತ್ತಿಲ್ಲ.

ಮುಂದಿನ ಹಾಸಿಗೆಯಲ್ಲಿ ನಳಿಕೆಯ ಕೆಲಸ. ಗಂಟಲೊಳಗಿನ ತುದಿಯಲ್ಲಿ ಗಾಳಿ ಸೋರದಂತೆ ಒಂದು ಪುಟ್ಟ ಬಲೂನು ಉಬ್ಬಿರುತ್ತದೆ. ಅದರ ಒತ್ತಡ 20ರಿಂದ 30 ಸೆಂಟಿಮೀಟರ್ ನೀರಿನಷ್ಟು ಇರಬೇಕು. ಕಡಿಮೆಯಾದರೆ ಬಾಯಿಯ ಜೊಲ್ಲು ಸೋರಿ ಪುಪ್ಪುಸಕ್ಕೆ ಇಳಿಯುತ್ತದೆ. ಹೆಚ್ಚಾದರೆ ಶ್ವಾಸನಾಳದ ಗೋಡೆಗೆ ರಕ್ತ ಹೋಗದೆ ಅಲ್ಲಿ ಗಾಯವಾಗುತ್ತದೆ, ಮಾಯುವಾಗ ನಾಳ ಕಿರಿದಾಗುತ್ತದೆ. ಮನೆಗೆ ಹೋಗಿ ಕೆಲವು ವಾರಕ್ಕೆ ರೋಗಿ ಸೊಂಯ್ ಎಂದು ಸದ್ದು ಮಾಡುತ್ತಾ ಉಸಿರಾಡಿದರೆ ಊರಲ್ಲಿ ಎಲ್ಲರೂ ಅಸ್ತಮಾ ಎನ್ನುತ್ತಾರೆ. ಬೆರಳಿನಿಂದ ಒತ್ತಿ ನೋಡಿ ‘ಬರೋಬರ್ ಅದ’ ಎನ್ನುವುದು ಅನೇಕ ಕಡೆ ರೂಢಿ. ಬೆರಳಿಗೆ 30 ಮತ್ತು 60ರ ವ್ಯತ್ಯಾಸ ತಿಳಿಯದು. ಅಳೆಯುವ ಗೇಜು ಬೇಕು. ಇಲ್ಲಿ ಒಂದಿತ್ತು, ಪಾಳಿಗೊಮ್ಮೆ ಹಾಸಿಗೆಯಿಂದ ಹಾಸಿಗೆಗೆ ತಿರುಗುತ್ತಿತ್ತು.

ನಳಿಕೆ ಹಾಕಿ 48 ಗಂಟೆ ಕಳೆದ ಮೇಲೆ ಬರುವ ನ್ಯುಮೋನಿಯಾ ಈ ಕೋಣೆಯವರ ನಿತ್ಯದ ಭಯ. ಮನೆಯಿಂದ ತಂದ ಕಾಯಿಲೆ ಒಂದು, ದವಾಖಾನೆಯಲ್ಲಿ ಅಂಟಿದ್ದು ಇನ್ನೊಂದು. ಎರಡನೆಯದಕ್ಕೆ ಮದ್ದೂ ದುಬಾರಿ, ದಿನವೂ ಹೆಚ್ಚು. ಅದನ್ನು ತಡೆಯಲು ಮಾಡುವ ಕೆಲಸ ನೋಡಿದರೆ ಇಷ್ಟೇನಾ ಅನಿಸುತ್ತದೆ. ಹಾಸಿಗೆಯ ತಲೆಭಾಗವನ್ನು 30ರಿಂದ 45 ಡಿಗ್ರಿ ಎತ್ತಿರಬೇಕು. ಇಲ್ಲಿ ಮಂಚದ ಪಕ್ಕದ ಗೋಡೆಗೆ ಕೆಂಪು ಟೇಪಿನ ಓರೆ ಗೆರೆ ಅಂಟಿಸಿದ್ದಾರೆ, ಮಂಚ ಅದಕ್ಕೆ ಹೊಂದಿದೆಯೇ ಎಂದು ದೂರದಿಂದಲೇ ಕಾಣುತ್ತದೆ. ಮತ್ತೆ ಹಲ್ಲುಜ್ಜುವುದು. ಹೌದು, ಪ್ರಜ್ಞೆ ಇಲ್ಲದವರ ಹಲ್ಲನ್ನೂ ಮಕ್ಕಳ ಬ್ರಷ್ಷಿನಿಂದ ಉಜ್ಜುತ್ತಾರೆ. ಬಹಳ ವರ್ಷ ಕ್ಲೋರ್‌ಹೆಕ್ಸಿಡಿನ್ ದ್ರಾವಣದಿಂದ ಬಾಯಿ ಒರೆಸುವುದೇ ಶ್ರೇಷ್ಠವೆಂದು ನಂಬಿದ್ದರು. 2022ರ ಅಮೆರಿಕದ ಸೋಂಕು ತಡೆ ಮಾರ್ಗಸೂಚಿ ಆ ದ್ರಾವಣ ಬೇಡ, ಬ್ರಷ್ ಸಾಕು ಎಂದಿತು. ಬೇವಿನ ಕಡ್ಡಿ ಕಾಲದ ನಮ್ಮ ಅಜ್ಜಿಯರು ಇದನ್ನು ಕೇಳಿ ನಗುತ್ತಿದ್ದರೇನೋ.

ಮೂಲೆಯ ಹಾಸಿಗೆಯಲ್ಲಿ ಹಾವು ಕಡಿದ ಹೆಣ್ಣುಮಗಳು. ರೆಪ್ಪೆ ಮುಚ್ಚಿದೆ, ಕೈಕಾಲು ಮಿಸುಕದು. ಕಣ್ಣಿಗೆ ಟಾರ್ಚು ಬಿಟ್ಟರೂ ಪಾಪೆ ಕುಗ್ಗದ ಸ್ಥಿತಿ ಕಟ್ಟುಹಾವಿನ ವಿಷದಲ್ಲಿ ಬರುವುದುಂಟು. ನೋಡಿದವರು ಮಿದುಳು ಸತ್ತಿದೆ ಎಂದುಕೊಂಡರೆ ಆಶ್ಚರ್ಯವಿಲ್ಲ. ಸತ್ತಿರುವುದಿಲ್ಲ. ವಿಷ ಕಟ್ಟಿಹಾಕಿರುವುದು ನರ ಸ್ನಾಯುವನ್ನು ಮುಟ್ಟುವ ಜಾಗವನ್ನು. ಒಳಗೆ ಎಲ್ಲ ಕೇಳಿಸುತ್ತಿರಬಹುದು. ಸಿಸ್ಟರ್ ಪ್ರತಿ ಕೆಲಸಕ್ಕೂ ಮುಂಚೆ ಕಿವಿಯ ಹತ್ತಿರ ಬಗ್ಗಿ ಹೇಳುತ್ತಿದ್ದರು: ‘ಅವ್ವಾ, ಈಗ ಕಫ ತೆಗೀತೀನಿ, ಸ್ವಲ್ಪ ತ್ರಾಸ ಆಗ್ತದ, ಅಂಜಬ್ಯಾಡ್ರಿ.’ ಹೊಸಬ ಹುಡುಗನೊಬ್ಬ ನಕ್ಕಿದ್ದಕ್ಕೆ ಅವರು ಬೈದದ್ದೂ ನನಗೆ ಕೇಳಿಸಿತು. ಇಂಥವರ ಹಾಸಿಗೆಯ ಪಕ್ಕ ನಿಂತು ‘ಇನ್ನೇನು ಉಳಿಯಲ್ಲ’ ಎಂದು ಮಾತಾಡುವುದು, ನೋವಿನ ಮದ್ದು ಕೊಡದೆ ಚುಚ್ಚುವುದು ರೋಗಿಯ ಸುರಕ್ಷೆಯ ಪುಸ್ತಕದಲ್ಲಿ ಮೊದಲ ಪುಟಕ್ಕೆ ಬರಬೇಕಾದ ವಿಷಯ. ಯಂತ್ರ ಇದ್ದು ನೋಡಿಕೊಳ್ಳುವವರಿದ್ದರೆ ಇವರು ಕೆಲವು ದಿನದಲ್ಲಿ ಎದ್ದು ಕೂರುತ್ತಾರೆ. ವೆಂಟಿಲೇಟರಿಗೆ ಇದಕ್ಕಿಂತ ಒಳ್ಳೆಯ ರೋಗಿ ಸಿಗುವುದಿಲ್ಲ.

ನಿದ್ದೆಯ ಮದ್ದಿನದು ಉಲ್ಟಾ ಕತೆ. ರೋಗಿ ಮಿಸುಕಾಡದಿದ್ದರೆ ಎಲ್ಲರಿಗೂ ಆರಾಮ, ಆದ್ದರಿಂದ ಮದ್ದು ಹೆಚ್ಚಾಗುತ್ತಾ ಹೋಗುತ್ತದೆ. 2000ದಲ್ಲೇ ಶಿಕಾಗೊದ ವೈದ್ಯರು ದಿನಕ್ಕೊಮ್ಮೆ ಮದ್ದು ನಿಲ್ಲಿಸಿ ಎಚ್ಚರಿಸಿ ನೋಡಿದಾಗ ಯಂತ್ರದ ಮೇಲಿನ ದಿನ ಏಳರ ಆಸುಪಾಸಿನಿಂದ ಐದಕ್ಕೆ ಇಳಿಯಿತು. ಎಚ್ಚರವಾದ ರೋಗಿ ನಳಿಕೆ ಕಿತ್ತುಕೊಳ್ಳಬಹುದು, ಅದಕ್ಕಾಗಿ ಕೈ ಕಟ್ಟುತ್ತಾರೆ. ಕಟ್ಟಿದರೆ ಗಾಬರಿ, ಭ್ರಮೆ ಹೆಚ್ಚುತ್ತದೆ. ಕಟ್ಟದೆ ಬಿಡಬೇಕಾದರೆ ಪಕ್ಕದಲ್ಲಿ ಒಬ್ಬರು ಇರಲೇಬೇಕು. ಎಲ್ಲ ದಾರಿಯೂ ಕೊನೆಗೆ ಅಲ್ಲಿಗೇ ಬರುತ್ತದೆ. ವೆಂಟಿಲೇಟರ್ ಮೇಲಿರುವ ಒಬ್ಬರಿಗೆ ಒಬ್ಬ ನರ್ಸ್ ಎಂಬುದು ನಮ್ಮ ದೇಶದ ತೀವ್ರ ನಿಗಾ ವೈದ್ಯರ ಸಂಘದ ಶಿಫಾರಸು. ರಾತ್ರಿ ಪಾಳಿಯಲ್ಲಿ ಅದನ್ನು ಕಣ್ಣಾರೆ ನೋಡಬೇಕೆಂದರೆ ಬಹಳ ಊರು ತಿರುಗಬೇಕು.

ಐಸಿಯುವಿನ ಹಿಂದಿನ ಓಣಿಯಲ್ಲಿ ವಿದ್ಯುತ್ ಫಲಕ, ಆಮ್ಲಜನಕದ ಕೊಳವೆ. ರೋಗಿಯ ಮನೆಯವರು ಯಾರೂ ಇಲ್ಲಿಗೆ ಬರುವುದಿಲ್ಲ. ಬರಬೇಕಿತ್ತು. 2022ರ ಸೆಪ್ಟೆಂಬರ್ 14ರಂದು ಬಳ್ಳಾರಿಯ ವಿಮ್ಸ್ ಆಸ್ಪತ್ರೆಯಲ್ಲಿ ಕರೆಂಟು ಹೋದಾಗ ಐಸಿಯುವಿನಲ್ಲಿ ವೆಂಟಿಲೇಟರ್ ಮೇಲಿದ್ದವರು ತೀರಿಕೊಂಡರು. ಕರೆಂಟೇ ಕಾರಣ ಎಂದರು ಮನೆಯವರು. ಬ್ಯಾಟರಿ ಇತ್ತು, ಕಾಯಿಲೆ ವಿಪರೀತವಾಗಿತ್ತು ಎಂದಿತು ಸರ್ಕಾರ. ಮಾತು ವಿಧಾನಸಭೆಗೆ ಹೋಯಿತು, ತನಿಖೆಗೆ ಸಮಿತಿ ಬಂತು. ಸೆಪ್ಟೆಂಬರ್ 17 ವಿಶ್ವ ರೋಗಿ ಸುರಕ್ಷಾ ದಿನ. ಬಳ್ಳಾರಿಯದ್ದು ಅದಕ್ಕೆ ಮೂರೇ ದಿನ ಮುಂಚೆ. ಚಾಮರಾಜನಗರದಲ್ಲಿ 2021ರ ಮೇ ಮೊದಲ ವಾರ ಕೈಕೊಟ್ಟದ್ದು ಆಮ್ಲಜನಕ. 24 ಗಂಟೆಯಲ್ಲಿ 24 ಮಂದಿ ಸತ್ತರೆಂದು ಸರ್ಕಾರದ ಲೆಕ್ಕ. ಹೈಕೋರ್ಟ್ ನೇಮಿಸಿದ ಸಮಿತಿ ಹೇಳಿದ ಸಂಖ್ಯೆ ಅದಕ್ಕಿಂತ ದೊಡ್ಡದು.

ವೆಂಟಿಲೇಟರ್ ಒಳಗಿನ ಬ್ಯಾಟರಿ ಹಳೆಯದಾದಂತೆ ಸೊರಗುತ್ತದೆ. ಪರದೆಯ ಮೇಲೆ ಪೂರ್ತಿ ಎಂದು ತೋರಿಸಿದರೂ ಎಷ್ಟು ನಿಮಿಷ ನಿಲ್ಲುತ್ತದೆ ಎಂದು ತಿಳಿಯಲು ಪ್ಲಗ್ ಕಿತ್ತು ನೋಡಬೇಕು, ರೋಗಿ ಇಲ್ಲದಾಗ. ಈ ಐಸಿಯುವಿನಲ್ಲಿ ಪ್ರತಿ ಮಂಚದ ತಲೆಗೂ ಒಂದು ಅಂಬು ಬ್ಯಾಗು ನೇತುಹಾಕಿದ್ದಾರೆ. ‘ಬೀರೂದಾಗ ಇಟ್ರ ಕೀಲಿ ಯಾರ ಹತ್ರ ಅದ ಅಂತ ಹುಡುಕಬೇಕಾಗ್ತದ’ ಎಂದರು ಸಿಸ್ಟರ್. ಅಲಾರಂ ಹೊಡೆದರೆ ಮೊದಲು ನೋಡುವುದು ಪರದೆಯನ್ನಲ್ಲ, ರೋಗಿಯ ಎದೆಯನ್ನು. ಏಳುತ್ತಿದೆಯೇ? ಇಲ್ಲದಿದ್ದರೆ ಯಂತ್ರ ಬಿಡಿಸಿ ಚೀಲ ಒತ್ತು, ಆಮೇಲೆ ಕಾರಣ ಹುಡುಕು: ನಳಿಕೆ ಜರುಗಿತೇ, ಕಫ ಕಟ್ಟಿತೇ, ಎದೆಯಲ್ಲಿ ಗಾಳಿ ಸೇರಿತೇ, ಯಂತ್ರವೇ ಕೈಕೊಟ್ಟಿತೇ. ಅಲಾರಂ ಗದ್ದಲವೆಂದು ಬಾಯಿ ಮುಚ್ಚಿಸಿಟ್ಟರೆ ಈ ಪ್ರಶ್ನೆಗಳು ಹುಟ್ಟುವುದೇ ಇಲ್ಲ.

ಕೋವಿಡ್ ಕಾಲದಲ್ಲಿ ಪಿಎಂ ಕೇರ್ಸ್ ನಿಧಿಯಿಂದ 50,000 ವೆಂಟಿಲೇಟರುಗಳಿಗೆ 2,000 ಕೋಟಿ ರೂಪಾಯಿ ಎತ್ತಿಟ್ಟರು. 2021ರ ಮೇ ತಿಂಗಳಲ್ಲಿ, ಹಂಚಿದ ಯಂತ್ರ ಜೋಡಣೆಯಾಗಿವೆಯೇ, ನಡೆಯುತ್ತಿವೆಯೇ ಎಂದು ಪರಿಶೀಲಿಸಲು ಪ್ರಧಾನಿಯೇ ಆದೇಶಿಸಬೇಕಾಯಿತು. ಕಾಳಗಿಗೂ, ಚಿಂಚೋಳಿಗೂ ವೆಂಟಿಲೇಟರ್ ಕೊಡಿ ಎಂಬ ಬೇಡಿಕೆ ಸಭೆಗಳಲ್ಲಿ ಕೇಳಿಬರುತ್ತದೆ. ನನ್ನ ಅನಿಸಿಕೆ ಬೇರೆ. ಅರಿವಳಿಕೆ ವೈದ್ಯರಿಲ್ಲದೆ, ರಾತ್ರಿ ಎಚ್ಚರಿರುವ ನರ್ಸ್ ಇಲ್ಲದೆ ಕೊಟ್ಟ ಯಂತ್ರ ಬಟ್ಟೆ ಹೊದ್ದು ಮೂಲೆ ಸೇರುತ್ತದೆ, ಇಲ್ಲವೇ ಹಾನಿ ಮಾಡುತ್ತದೆ. ಇಲ್ಲಿಗೆ ಮೊದಲು ಬೇಕಾದದ್ದು ತಪ್ಪದೆ ಸಿಗುವ ವಿಷಹರ ಮದ್ದು, ನಳಿಕೆ ಹಾಕಿ ಭದ್ರವಾಗಿ ಕಟ್ಟಬಲ್ಲ ಕೈ, ವೆಂಟಿಲೇಟರ್ ಇರುವ 108ರ ಗಾಡಿ. ಹೊರಡುವ ಮುಂಚೆ ಕಲಬುರಗಿಗೆ ಒಂದು ಫೋನು, ಮಂಚ ಖಾಲಿ ಇದೆಯೇ ಎಂದು. ಈ ಫೋನು ಮಾಡದೆ ಹೊರಟವರು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವಾಗ ಚೀಲ ಒತ್ತುವವರ ಕೈಯೂ, ಸಿಲಿಂಡರೂ ಒಟ್ಟಿಗೇ ಸೋಲುತ್ತವೆ.

ಹೊರಗಿನ ಪಡಸಾಲೆಯಲ್ಲಿ ಬುತ್ತಿ ಗಂಟಿನ ಜೊತೆ ಕೂತವರು ಕೇಳುವುದು ಒಂದೇ: ‘ಮಷಿನ್ ಯಾವಾಗ ತೆಗೀತಾರ?’ ಉತ್ತರ ಒಳಗೆ ಪ್ರತಿದಿನ ಬೆಳಿಗ್ಗೆ ಸಿದ್ಧವಾಗುತ್ತದೆ. ಯಂತ್ರದ ನೆರವು ಇಳಿಸಿ ಅರ್ಧ ಗಂಟೆ ರೋಗಿಯನ್ನೇ ಉಸಿರಾಡಲು ಬಿಡುತ್ತಾರೆ. ಎದೆ ಬಡಿತ, ಬೆವರು, ಉಸಿರಿನ ವೇಗ ನೋಡುತ್ತಾರೆ. ತಡೆದುಕೊಂಡರೆ ನಳಿಕೆ ತೆಗೆಯುವ ಮಾತು. ಇಲ್ಲದಿದ್ದರೆ ನಾಳೆ ಮತ್ತೆ. ವಾರಗಟ್ಟಲೆ ಆಗದವರಿಗೆ ಕುತ್ತಿಗೆಯಲ್ಲಿ ತೂತು ಮಾಡಿ ಗಿಡ್ಡ ನಳಿಕೆ ಇಡುತ್ತಾರೆ. ತಲೆಗೆ ಪೆಟ್ಟಾದ ಕೆಲವರು ಅದರೊಂದಿಗೇ ಊರಿಗೆ ಮರಳುತ್ತಾರೆ.

ಆಗ ಐಸಿಯು ಮನೆಗೇ ಬಂತೆಂದು ಅರ್ಥ. ಕಫ ಎಳೆಯುವ ಯಂತ್ರ ಕರೆಂಟಿನದು ಕೊಂಡರೆ ಹಳ್ಳಿಯಲ್ಲಿ ರಾತ್ರಿ ಲೈನು ಹೋದಾಗ ಏನು ಮಾಡುವುದು? ಅದಕ್ಕೆ ಕಾಲಿನಿಂದ ತುಳಿಯುವ ಯಂತ್ರ ಸಿಗುತ್ತದೆ, ಅದನ್ನೇ ತರಿಸಿ ಎಂದು ಸಿಸ್ಟರ್ ರೋಗಿಯೊಬ್ಬರ ಮನೆಯವರಿಗೆ ಹೇಳುತ್ತಿದ್ದರು. ಎರಡು ಒಳನಳಿಕೆ ಇರಲಿ, ಒಂದು ತೊಳೆಯುವಾಗ ಇನ್ನೊಂದು ಹಾಕಲು. ಹೆಂಡತಿ ಕಲಿತಿದ್ದಾಳೆ, ಸಾಕಲ್ಲ ಎಂದರು ಮನೆಯ ಹಿರಿಯರು. ‘ಆಕಿ ಹೊಲಕ್ಕ ಹೋದಾಗ ಯಾರು ತೆಗೀತಾರ್ರಿ?’ ಎಂದು ಸಿಸ್ಟರ್ ಕೇಳಿದರು. ಕಾಲೇಜಿಗೆ ಹೋಗುವ ಮಗನನ್ನೂ ಕರೆಸಿದರು. ಅವನು ಕೈ ತೊಳೆದು, ಗ್ಲೌಸ್ ಹಾಕಿ, ನಳಿಕೆ ಇಳಿಸಿ ಹದಿನೈದು ಸೆಕೆಂಡಿನೊಳಗೆ ಹೊರತೆಗೆದು ತೋರಿಸುವ ತನಕ ಡಿಸ್ಚಾರ್ಜ್ ಚೀಟಿಗೆ ಸಹಿ ಇಲ್ಲ ಎಂದರು. ಮೊದಲ ಸಲ ಹುಡುಗನ ಕೈ ನಡುಗಿತು, ಮತ್ತೆ ಮಾಡಿಸಿದರು.